ನೂರು ವರ್ಷದ ನರೆ

ಪುರಸಭೆಯ ಟೈಪಿಸ್ಟಮ್ಮ ತಪ್ಪು ಮಾಡದ ಬೆರಳಿನವಳೆಂದು ಕಚೇರಿಗೆಲ್ಲ ಹೆಸರಾಗಿದ್ದಳು. ಇಪ್ಪತ್ತಾರು ವರ್ಷಗಳಲ್ಲಿ ಎಷ್ಟೋ ಅಧಿಕಾರಿಗಳ ವ್ಯಾಕರಣವನ್ನು ಸದ್ದಿಲ್ಲದೆ ತಿದ್ದಿ, ಅವರು ಬುದ್ಧಿವಂತರೆಂದು ಜನ ನಂಬುವಂತೆ ಮಾಡಿದ್ದಳು. ಇಂಥವಳು ಒಂದೇ ಒಂದು ಎತ್ವ ಬಿಟ್ಟಳು. ಬಿಟ್ಟದ್ದು ಯಾವ ದಿನ ಅಂತೀರಿ? ಬಿಡಲೇಬಾರದ ದಿನ.

ಅಂದು ಸಭೆಯ ಮುಂದಿದ್ದದ್ದು ಹೊಸ ಸೇತುವೆಯ ಯೋಜನೆ. ಊರನ್ನು ಎರಡಾಗಿ ಸೀಳಿಕೊಂಡು ಹರಿಯುವ ಹೊಳೆಗೆ ಇರುವುದು ಒಂದೇ ಸೇತುವೆ, ಅದೂ ತೀರ ತಗ್ಗಿನದು. ಆಸ್ಪತ್ರೆ, ಕಚೇರಿ ಎಲ್ಲ ಈ ದಡದಲ್ಲಿ. ಟೈಪಿಸ್ಟಮ್ಮನ ಮನೆ ಆ ದಡದಲ್ಲಿ. ಎರಡು ವರ್ಷದ ಹಿಂದೆ ಸೇತುವೆ ಮುಳುಗಿದಾಗ ಆಕೆ ಈಚೆ ಸಿಕ್ಕಿಬಿದ್ದಿದ್ದಳು. ಗಂಡ ಲಾರಿ ತೆಗೆದುಕೊಂಡು ದೂರ ಹೋಗಿದ್ದ. ಮನೆಯಲ್ಲಿ ಒಬ್ಬರೇ ಇದ್ದ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು, ಮುರಿದ ಸೊಂಟ ಹಿಡಿದುಕೊಂಡು ಮೂರು ದಿನ ನೀರು ಇಳಿಯಲೆಂದು ಕಾದರು. ಸೊಂಟವೇನೋ ಕೂಡಿಕೊಂಡಿತು, ಆದರೆ ಸೊಟ್ಟಗೆ. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ.

ಅಂದು ಬೆಳಿಗ್ಗೆಯೂ ಅವರು ಬಾಗಿಲಲ್ಲಿ ಕೋಲೂರಿ ನಿಂತು ಹೇಳಿದ್ದರು: "ನಿಮ್ಮ ಸೇತುವೆ ಕಾಗದದ ಮೇಲೆ ಎಷ್ಟು ಗಟ್ಟಿ ನೋಡು. ಮೂರು ಸಲ ಸಭೆಗೆ ಹೋಗಿ ವಾಪಸ್ ಬಂದ್ರೂ ಒಂದು ಬಿರುಕಿಲ್ಲ!"

"ಈ ಸಲ ಆಗುತ್ತೆ ಅತ್ತೆ. ಅರ್ಧ ಖರ್ಚು ಸರ್ಕಾರ ಕೊಡುತ್ತೆ. ಸಂಜೆ ಐದರೊಳಗೆ ನಮ್ಮ ಠರಾವು ಅವರಿಗೆ ಮುಟ್ಟಬೇಕು, ಅಷ್ಟೆ."

"ಮುಟ್ಟದಿದ್ರೆ?"

"ಆ ಹಣ ಬೇರೆ ಊರಿಗೆ ಹೋಗುತ್ತೆ."

ಅತ್ತೆ ಕೋಲು ಕುಟ್ಟುತ್ತಾ ಒಳಗೆ ಹೋದರು.

ಮಧ್ಯಾಹ್ನ ಮೂರಕ್ಕೆ ಸಭೆ ಕೂಡಿತು. ಎಂಜಿನಿಯರಮ್ಮ ಗೋಡೆಯ ಮೇಲೆ ನಕ್ಷೆ ಹಾಕಿ ವಿವರಿಸಿದಳು. ಈಗಿನದಕ್ಕಿಂತ ಎರಡಾಳು ಎತ್ತರ, ಆಳದ ಬುಡ, ಅಂಚಿನಲ್ಲಿ ನಡೆಯುವವರಿಗೆ ದಾರಿ, ಕೆಳಗೆ ಕುಡಿಯುವ ನೀರಿನ ಕೊಳವೆ. ಉಳಿದರ್ಧ ಖರ್ಚಿಗೆ ಹತ್ತು ವರ್ಷ ಮನೆಗಿಷ್ಟು ಎಂದು ತೆರಿಗೆ. ನೂರು ವರ್ಷಕ್ಕೊಮ್ಮೆ ಬರುವಂಥ ನೆರೆಯನ್ನೂ ಇದು ತಡೆದುಕೊಳ್ಳುತ್ತದೆ ಎಂದಳು.

ಅಧ್ಯಕ್ಷರು ಕುರ್ಚಿಗೆ ಒರಗಿದರು. "ಎರಡು ವರ್ಷದ ಹಿಂದೆ ತಾನೇ ಬಂದು ಹೋಯ್ತಲ್ಲಮ್ಮ? ಇನ್ನೂ ತೊಂಬತ್ತೆಂಟು ವರ್ಷ ಟೈಮ್ ಇದೆ. ಅಲ್ಲೀವರೆಗೆ ಹಳೇದಕ್ಕೇ ರಿಪೇರಿ ಮಾಡಿಸೋಣ."

"ಹಾಗಲ್ಲ ಸರ್, ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಾಧ್ಯತೆ..." ಎಂದು ಎಂಜಿನಿಯರಮ್ಮ ಲೆಕ್ಕ ಬಿಡಿಸಹೊರಟಳು. ಸದಸ್ಯರು ಒಬ್ಬರ ಹಿಂದೊಬ್ಬರು ಆಕಳಿಸಿದರು.

ಆಗಲೇ ಊರಲ್ಲಿ ಬೇಕರಿ ಇಟ್ಟುಕೊಂಡಿದ್ದ ಸದಸ್ಯರೊಬ್ಬರು ಠರಾವಿನ ತಮ್ಮ ಪ್ರತಿ ತಿರುವಿ ಗಟ್ಟಿಯಾಗಿ ಓದಿದ್ದು: "'ನೂರು ವರ್ಷಕ್ಕೊಮ್ಮೆ ಬರುವ ನರೆಯನ್ನು ತಡೆದುಕೊಳ್ಳಬಲ್ಲ ಸೇತುವೆ.' ನರೆ! ಅಂದ್ರೆ ಇದರ ಮೇಲೆ ಓಡಾಡಿದ್ರೆ ಕೂದಲು ಬೆಳ್ಳಗಾಗಲ್ವಾ?"

ಸಭೆ ಘೊಳ್ಳೆಂದು ನಕ್ಕಿತು. ನಕ್ಕ ಕಣ್ಣುಗಳೆಲ್ಲ ಹೋಗಿ ನಿಂತದ್ದು ಅಧ್ಯಕ್ಷರ ತಲೆಯ ಮೇಲೆ. ಅರವತ್ತೆಂಟರ ಆ ತಲೆ ಇದ್ದಿಲಿನಷ್ಟು ಕಪ್ಪಗಿತ್ತು. ಅದು ಡಬ್ಬಿಯ ಕಪ್ಪು ಎಂದು ಊರಿಗೆಲ್ಲ ಗೊತ್ತು. ಊರಿಗೆ ಗೊತ್ತೆಂಬುದು ಅವರೊಬ್ಬರಿಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು.

"ತಮಾಷೆನಾ? ಇದೆಲ್ಲ ಸರಿಮಾಡಿಕೊಂಡು ಮುಂದಿನ ತಿಂಗಳು ತನ್ನಿ. ಸಭೆ ಮುಗೀತು," ಎಂದು ಅವರು ಎದ್ದೇಬಿಟ್ಟರು.

ಮೂಲೆಯಲ್ಲಿ ನಡಾವಳಿ ಬರೆಯುತ್ತಿದ್ದ ಟೈಪಿಸ್ಟಮ್ಮನಿಗೆ ಜೀವ ಬಾಯಿಗೆ ಬಂತು. ನೆರೆ ಹೋಗಿ ನರೆ ಆಗಿದೆ. ಅದೂ ಒಂದು ಪದವೇ ಆದ್ದರಿಂದ ಕಂಪ್ಯೂಟರೂ ಕೆಂಪು ಗೆರೆ ಎಳೆದಿರಲಿಲ್ಲ. ಸಭೆಯಲ್ಲಿ ಬಾಯಿ ಬಿಡುವ ಹಕ್ಕು ಆಕೆಗಿಲ್ಲ. ಆದರೂ ನಿಂತಳು.

"ತಪ್ಪು ನಂದು ಸರ್. ಒಂದು ಎತ್ವ ಬಿಟ್ಟುಹೋಯ್ತು. ಏನು ಶಿಕ್ಷೆ ಕೊಟ್ರೂ ತಗೋತೀನಿ, ಆದ್ರೆ ಸೇತುವೆಗೆ ಕೊಡಬೇಡಿ."

ಅಧ್ಯಕ್ಷರು ನಿಂತರು. ನಿಂತದ್ದೇ ಸಾಕೆಂದು ಆಕೆ ಮುಂದುವರಿಸಿದಳು.

"ನರೆ ಅಂತಲೇ ಇಟ್ಕೊಂಡು ನೋಡಿ ಸರ್. ನನಗೆ ಮೂವತ್ತೆರಡಕ್ಕೇ ಬಂತು. ನಮ್ಮತ್ತೆಗೆ ಐವತ್ತಾದ್ರೂ ಒಂದೆಳೆ ಇರಲಿಲ್ಲವಂತೆ. ಅದೇನು ಕ್ಯಾಲೆಂಡರ್ ನೋಡ್ಕೊಂಡು ಬರುತ್ತಾ? ನೆರೆನೂ ಹಾಗೇ. ಹೋದ ಸಲ ಬಂತು ಅಂತ ತೊಂಬತ್ತೆಂಟು ವರ್ಷ ರಜಾ ಹಾಕಲ್ಲ. ನಾವು ನೋಡಿದ್ರೆ ಹಳೇ ಸೇತುವೆಗೆ ವರ್ಷಾ ವರ್ಷಾ ಬಣ್ಣ ಬಳೀತಾ..."

ಅಷ್ಟರಲ್ಲಿ ಮಾತು ಎಲ್ಲಿಗೆ ಹೋಗುತ್ತಿದೆಯೆಂದು ಹೊಳೆದು ನಾಲಿಗೆ ಕಚ್ಚಿಕೊಂಡಳು. ಬೇಕರಿ ಸದಸ್ಯರು ನಗು ತಡೆಯಲಾರದೆ ಮೇಜಿನ ಕೆಳಗೆ ಪೆನ್ನು ಹುಡುಕತೊಡಗಿದರು.

ಅಧ್ಯಕ್ಷರ ಕೈ ತಾನಾಗಿ ತಲೆಯ ಮೇಲೆ ಹೋಯಿತು.

"ತಿಂಗಳಿಗೊಮ್ಮೆ ಬಳೀತೀನಮ್ಮ," ಎಂದರು ಮೆಲ್ಲಗೆ. "ಇಪ್ಪತ್ತು ವರ್ಷ ಆಯ್ತು. ಬುಡದಲ್ಲಿ ಬೆಳ್ಳಗೇ ಬರುತ್ತೆ." ಆಮೇಲೆ ಅವರಿಗೇ ನಗು ಬಂತು. ಹೊಟ್ಟೆ ಕುಣಿಯುವಂತೆ ನಕ್ಕು, ಮತ್ತೆ ಕುಳಿತು ಎಂಜಿನಿಯರಮ್ಮನ ಕಡೆ ತಿರುಗಿದರು. "ಹಳೇದರ ರಿಪೇರಿಗೆ ಇದುವರೆಗೆ ಎಷ್ಟು ಸುರಿದಿದ್ದೀವಿ?"

"ಹೊಸದು ಒಂದೂವರೆ ಕಟ್ಟಬಹುದಿತ್ತು ಸರ್."

"ಇದನ್ನ ಮೊದಲೇ ಹೇಳೋಕೇನಾಗಿತ್ತು? ನೂರರಲ್ಲಿ ಒಂದು ಪಾಲು ಅಂತೆ!"

ತೆರಿಗೆಯ ಮಾತಿಗೆ ಬಟ್ಟೆ ಅಂಗಡಿಯ ಸದಸ್ಯರು ಗೊಣಗಿದರು. ತಿಂಗಳಿಗೆ ಎರಡು ಕಪ್ ಚಹಾದ ದುಡ್ಡು ಎಂದು ಎಂಜಿನಿಯರಮ್ಮ ಹೇಳಿದಾಗ, ತಾನು ಸಕ್ಕರೆಯಿಲ್ಲದೆ ಕುಡಿಯುತ್ತೇನೆ, ತನಗೆ ಕಡಿಮೆ ಮಾಡಬೇಕು ಎಂದು ಹೇಳುತ್ತಲೇ ಉಳಿದವರ ಜೊತೆ ಒಪ್ಪಿಗೆಗೆ ಕೈಯೆತ್ತಿದರು. ಠರಾವು ನಾಲ್ಕೂ ಐವತ್ತಕ್ಕೆ ಹೋಯಿತು. ಕಳಿಸುವ ಮುಂಚೆ ಟೈಪಿಸ್ಟಮ್ಮ ಅದನ್ನು ಒಂಬತ್ತು ಸಲ ಓದಿದಳು.

ಮನೆಗೆ ಬಂದು ಚಪ್ಪಲಿ ಕೂಡ ಬಿಡದೆ ಕೂಗಿದಳು: "ಅತ್ತೆ, ಪಾಸಾಯ್ತು!"

"ಕಟ್ಟಿ ಮುಗಿಸೋದು ಯಾವಾಗ?"

"ಮೂರು ವರ್ಷ ಬೇಕಂತೆ."

ಅತ್ತೆ ಬೆರಳು ಮಡಿಚಿ ಎಣಿಸಿದರು. ಎಂಬತ್ತೊಂದು, ಎಂಬತ್ತೆರಡು, ಎಂಬತ್ಮೂರು, ಎಂಬತ್ನಾಲ್ಕು. ಆಮೇಲೆ ಸೊಸೆಯನ್ನು ಸಿಟ್ಟಿನಿಂದ ನೋಡಿದರು.

"ಈ ವರ್ಷ ಹೊರಟುಬಿಡೋಣ ಅಂತಿದ್ದೆ. ನಿನ್ನಿಂದ ಇನ್ನು ಮೂರು ವರ್ಷ ಇರಬೇಕಾಯ್ತಲ್ಲೇ!"

ಟೈಪಿಸ್ಟಮ್ಮನಿಗೆ ನಗು ಅಳು ಎರಡೂ ಒಟ್ಟಿಗೇ ಬಂದವು.

"ಸರ್ಕಾರಿ ಕೆಲಸ ಅತ್ತೆ," ಎಂದಳು. "ಐದು ವರ್ಷಕ್ಕೇ ತಯಾರಾಗಿರಿ."