ಕಣ್ಣು ತೆರೆದೇ ಇತ್ತು

ಮನೆಯಿಂದ ಒಬ್ಬರು ದೂರದ ಊರಿಗೆ ತಾವೇ ಗಾಡಿ ಓಡಿಸಿಕೊಂಡು ಹೊರಟರು ಅಂದರೆ ಸಾಕು, ಬೀದಿಯವರೆಲ್ಲ ನಿದ್ದೆಗೆ ಔಷಧ ಹೇಳುವ ವೈದ್ಯರಾಗಿಬಿಡುತ್ತಾರೆ. ಕಿಟಕಿ ತೆಗೆದಿಡು, ತಣ್ಣನೆ ಗಾಳಿ ಬಡಿಯಲಿ ಅನ್ನುತ್ತಾರೆ ಒಬ್ಬರು. ಹಾಡು ಜೋರಾಗಿ ಹಾಕಿಕೋ ಅನ್ನುತ್ತಾರೆ ಇನ್ನೊಬ್ಬರು. ತೊಡೆ ಚಿವುಟಿಕೋ, ಮುಖಕ್ಕೆ ನೀರು ಹಾಕಿಕೋ, ಬಾಯಲ್ಲಿ ಏನಾದರೂ ಅಗಿಯುತ್ತಾ ಇರು. ನಿದ್ದೆ ಬಂದರೆ ಮಲಗು ಅಂತ ಮಾತ್ರ ಒಬ್ಬರ ಬಾಯಿಂದಲೂ ಬರುವುದಿಲ್ಲ.

ಸೀಟು ಹೊಲಿಯುವವರ ಮನೆಯಲ್ಲೂ ಹೀಗೇ ಆಯಿತು. ಹೊರಟವಳು ಮನೆಯ ಮಗಳು. ಅವಳನ್ನು ಎಲ್ಲರೂ ಸೂಜಿ ಅಂತಲೇ ಕರೆಯುತ್ತಿದ್ದರು. ಅಂಗಿಯ ಕಾಲರಿಗೆ ಸದಾ ಒಂದು ಸೂಜಿ ಚುಚ್ಚಿಕೊಂಡಿರುತ್ತಿದ್ದಳು ಅನ್ನುವುದು ಅದಕ್ಕೆ ಒಂದು ಕಾರಣ, ಅವಳ ಮಾತು ಇನ್ನೊಂದು. ಚಿಕ್ಕಂದಿನಿಂದ ಅಪ್ಪನ ಜೊತೆ ಕಾರು, ಬಸ್ಸುಗಳ ಸೀಟು ಹೊಲಿದು ಕೈ ಎಷ್ಟು ಪಳಗಿತ್ತೆಂದರೆ, ರೆಕ್ಸಿನ್ನಿಗೆ ಗುರುತು ಹಾಕದೆಯೇ ಕತ್ತರಿ ಇಡುತ್ತಿದ್ದಳು. ಆದರೆ ರೆಡಿಮೇಡ್ ಕವರುಗಳು ಬಂದ ಮೇಲೆ ಅಂಗಡಿಯಲ್ಲಿ ಅಪ್ಪ, ಅಣ್ಣ ಇಬ್ಬರಿಗೇ ಕೆಲಸ ಸಾಲುತ್ತಿರಲಿಲ್ಲ. ಅಷ್ಟರಲ್ಲಿ ದೇಶದ ಆ ತುದಿಯ ಪಟ್ಟಣದಿಂದ ಕರೆ ಬಂತು. ಅಲ್ಲೊಂದು ಬಸ್ಸು ಕಟ್ಟುವ ದೊಡ್ಡ ಶೆಡ್ಡು. ಅವಳ ಕೈಕೆಲಸ ನೋಡಿದ್ದ ಅಲ್ಲಿನ ಮೇಸ್ತ್ರಿ, ಮೊದಲನೇ ಮೇಜು ನಿನಗೇ, ಸೋಮವಾರ ಬೆಳಿಗ್ಗೆ ಬಂದು ನಿಲ್ಲು ಎಂದಿದ್ದ. ಮೊದಲನೇ ಮೇಜು ಅಂದರೆ ಬಟ್ಟೆ ಕತ್ತರಿಸುವ ಮೇಜು. ಅಲ್ಲಿ ನಿಂತವರು ಹೇಳಿದಂತೆ ಉಳಿದವರು ಹೊಲಿಯಬೇಕು. ಆ ಮಾತು ಕೇಳಿದಾಗಿನಿಂದ ಸೂಜಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ರೈಲು ಹತ್ತಿ ಹೋಗಬಹುದಿತ್ತು, ನಿಜ. ಆದರೆ ಅವಳ ಹೊಲಿಗೆ ಯಂತ್ರ? ದಪ್ಪ ರೆಕ್ಸಿನ್ ಹೊಲಿಯುವ ಆ ಕಬ್ಬಿಣದ ರಾಕ್ಷಸನನ್ನು ಬಿಟ್ಟು ಅವಳು ಪಕ್ಕದ ಬೀದಿಗೂ ಹೋಗುವವಳಲ್ಲ. ಹಾಗಾಗಿ ಮನೆಯ ಹಳೆಯ ಕಾರು ಸಿದ್ಧವಾಯಿತು. ಯಂತ್ರವನ್ನು ಡ್ರೈವರ್ ಸೀಟಿನ ಹಿಂದೆ ಹಗ್ಗದಲ್ಲಿ ಬಿಗಿದರು. ಪಕ್ಕದ ಸೀಟಿನಲ್ಲಿ ಫೋಮಿನ ಮೂಟೆ, ಹಾಸಿಗೆ, ಪಾತ್ರೆ. ಸೂಜಿಗೆ ಕೂರಲು ಒಂದು ಗೂಡು ಉಳಿಯಿತು, ಅಷ್ಟೇ.

ಇನ್ನು ನಿದ್ದೆಯ ಮಾತು. ಇಲ್ಲೇ ನೋಡಿ, ಇವರ ಕಸುಬಿನ ಬುದ್ಧಿ ಇವರಿಗೇ ಕೈಕೊಟ್ಟಿತು. ನಿದ್ದೆ ಬರುವುದೇ ಮೆತ್ತನೆ ಸೀಟಿನಿಂದ ಅಂತ ಅಪ್ಪ ಮಗಳು ಸೇರಿ ತೀರ್ಮಾನ ಮಾಡಿದರು. ಡ್ರೈವರ್ ಸೀಟನ್ನು ಬಿಚ್ಚಿದರು, ಒಳಗಿದ್ದ ಒಳ್ಳೆಯ ಫೋಮನ್ನೆಲ್ಲ ಕಿತ್ತು ಹಾಕಿದರು, ಒತ್ತಿದ ನಾರಿನ ಹಲಗೆ ಕೂರಿಸಿ ಮೇಲೆ ರೆಕ್ಸಿನ್ ಬಿಗಿದರು. ಅಪ್ಪ ಅದರ ಮೇಲೆ ಕೂತು, ಸೊಂಟ ಹಿಡಿದುಕೊಂಡು ಎದ್ದು, ಈ ಸೀಟಿನಲ್ಲಿ ಕುಂಭಕರ್ಣನಿಗೂ ನಿದ್ದೆ ಬರುವುದಿಲ್ಲ ಎಂದು ಮಗಳ ಬೆನ್ನು ತಟ್ಟಿದರು.

ಇದನ್ನೆಲ್ಲ ನೋಡುತ್ತಾ ನಿಂತಿದ್ದವಳು ಅತ್ತಿಗೆ. ಆಸ್ಪತ್ರೆಯಲ್ಲಿ ನರ್ಸು, ಅಪಘಾತವಾದವರನ್ನು ತರುವ ವಾರ್ಡಿನಲ್ಲಿ ಅವಳ ಕೆಲಸ. ಪಾಳಿ ಮುಗಿಸಿ ಬಂದವಳು ಚಪ್ಪಲಿಯನ್ನೂ ಬಿಡದೆ ಕಾರಿನ ಹತ್ತಿರ ಬಂದು, ಬೆರಳಿನಿಂದ ಆ ಸೀಟನ್ನು ಒತ್ತಿ ನೋಡಿದಳು.

"ಸೂಜಿ, ನಮ್ಮ ವಾರ್ಡಿಗೆ ಬರೋರನ್ನ ನಾನು ಕೇಳ್ತೀನಿ, ನಿದ್ದೆ ಬಂದಿತ್ತಾ ಅಂತ. ಇವತ್ತಿನವರೆಗೂ ಒಬ್ಬರೂ ಹೂಂ ಅಂದಿಲ್ಲ. ಸ್ವಲ್ಪ ಕಣ್ಣು ಎಳೀತಿತ್ತು ಅಷ್ಟೇ ಅಂತಾರೆ."

"ಅದು ಅವರ ಕಥೆ ಅತ್ತಿಗೆ. ನಿದ್ದೆ ಬಂದ್ರೆ ನನಗೆ ಗೊತ್ತಾಗಲ್ವಾ?"

"ಬರೋದು ಗೊತ್ತಾಗುತ್ತೆ. ಬಂದಿದ್ದು ಗೊತ್ತಾಗಲ್ಲ."

ಸೂಜಿ ನಕ್ಕಳು. ಅತ್ತಿಗೆ ನಗಲಿಲ್ಲ; ಅಲ್ಲೇ ಮೆಟ್ಟಿಲ ಮೇಲೆ ಕೂತು ಒಂದೊಂದಾಗಿ ಬಿಡಿಸಿ ಹೇಳಿದಳು. ಗಟ್ಟಿ ಸೀಟಿಗೆ, ತಣ್ಣೀರಿಗೆ, ಹಾಡಿಗೆ ನಿದ್ದೆ ಹೆದರುವುದಿಲ್ಲ, ಒಂದೆರಡು ಗಳಿಗೆ ಬಾಗಿಲ ಹೊರಗೆ ನಿಂತು ಮತ್ತೆ ಒಳಗೆ ಬರುತ್ತದೆ. ಹೊರಡುವ ಹಿಂದಿನ ರಾತ್ರಿ ತುಂಬಾ ನಿದ್ದೆ ಮಾಡಬೇಕು. ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಇಳಿದು ಓಡಾಡಬೇಕು. ಮಧ್ಯಾಹ್ನ ಊಟವಾದ ಮೇಲಿನ ಹೊತ್ತು, ನಸುಕಿನ ಹೊತ್ತು, ಇವೆರಡು ಬಲು ಕೆಟ್ಟವು. ನೆಗಡಿ ಮಾತ್ರೆ ನುಂಗಿ ಗಾಡಿ ಮುಟ್ಟಬಾರದು. ಇದು ಮೂರು ದಿನದ ದಾರಿ, ಎರಡು ದಿನಕ್ಕೆ ಹಿಂಡಬೇಡ, ಮೇಸ್ತ್ರಿಯ ಹತ್ತಿರ ಒಂದು ದಿನ ಹೆಚ್ಚಿಗೆ ಕೇಳು ಎಂದಳು.

ಅದೊಂದನ್ನು ಮಾತ್ರ ಸೂಜಿಯ ಹತ್ತಿರ ಹೇಳಬಾರದಿತ್ತು. ಆ ಮೇಜಿಗೆ ಇದುವರೆಗೆ ಹೆಂಗಸರು ಯಾರೂ ನಿಂತಿರಲಿಲ್ಲ. ಇನ್ನೂ ಮುಖ ತೋರಿಸುವ ಮೊದಲೇ ನೆಪ ಹೇಳಲು ಶುರು ಮಾಡಿದಳು ಅನ್ನಿಸಿಕೊಳ್ಳುವುದಕ್ಕಿಂತ ರಸ್ತೆಯಲ್ಲಿ ಕಣ್ಣು ಉರಿದರೂ ಪರವಾಗಿಲ್ಲ ಎಂದಳು. ಅಪ್ಪ ಮಗಳ ಪರ. ಅತ್ತಿಗೆ ಎದ್ದು ಚಪ್ಪಲಿ ಬಿಟ್ಟು ಒಳಗೆ ಹೋದಳು.

ಹೊರಡುವ ಹಿಂದಿನ ರಾತ್ರಿ ಸೂಜಿ ಮಲಗಿದ್ದೇ ಕಡಿಮೆ. ಗಿರಾಕಿಯೊಬ್ಬರ ಸೋಫಾ ಅರ್ಧಕ್ಕೆ ನಿಂತಿತ್ತು, ಕೈಗೆತ್ತಿಕೊಂಡ ಕೆಲಸ ಬಿಟ್ಟು ಹೋಗುವುದು ಅವಳ ಜಾಯಮಾನವಲ್ಲ. ಆದರೂ ಮೊದಲ ದಿನ ಹೂವಿನ ಹಾಗೆ ಕಳೆಯಿತು. ತನ್ನದೇ ಗಾಡಿ, ತನ್ನದೇ ದಾರಿ, ಯಾರನ್ನೂ ಕೇಳಬೇಕಿಲ್ಲ. ಒಂದು ಬೆಟ್ಟ ಇಳಿದಾಗ ಸುಮ್ಮಸುಮ್ಮನೆ ಹಾರ್ನು ಹೊಡೆದು ತಾನೇ ನಕ್ಕಳು. ಆ ರಾತ್ರಿ ಒಂದು ವಸತಿಗೃಹದಲ್ಲಿ ತಂಗಿ, ಬೆಳಕು ಹರಿಯುವುದಕ್ಕೂ ಮೊದಲೇ ಮತ್ತೆ ಸ್ಟೀರಿಂಗ್ ಹಿಡಿದಳು.

ಮನೆಯಿಂದ ಅಪ್ಪನ ಫೋನು ಬರುತ್ತಲೇ ಇತ್ತು. ಎಲ್ಲಿಗೆ ಬಂದೆ, ಇನ್ನೂ ಅಲ್ಲೇ ಇದ್ದೀಯಾ, ಕತ್ತಲಾಗುವುದರೊಳಗೆ ದೊಡ್ಡ ಸೇತುವೆ ದಾಟುತ್ತೀ ತಾನೇ? ಪ್ರೀತಿಯಿಂದ ಕೇಳಿದ್ದೇ, ಇಲ್ಲ ಅನ್ನುವುದಿಲ್ಲ. ಆದರೆ ಪ್ರತಿ ಸಲ ಫೋನು ಕೆಳಗಿಟ್ಟಾಗ ಸೂಜಿಯ ಕಾಲು ಒಂಚೂರು ಹೆಚ್ಚು ಒತ್ತುತ್ತಿತ್ತು. (ಓಡಿಸುತ್ತಾ ಫೋನಿನಲ್ಲಿ ಮಾತಾಡಿದ್ದಕ್ಕೆ ಅವಳಿಗೆ ಬೇರೆಯೇ ಬೈಗುಳ ಸಲ್ಲಬೇಕು. ಈಗ ಬೇಡ, ಪಾಪ, ಮುಂದೆ ಅವಳಿಗೆ ಸಾಕಷ್ಟಿದೆ.)

ಎರಡನೇ ದಿನ ದಾರಿಬದಿಯಲ್ಲಿ ಹೊಟ್ಟೆ ತುಂಬಾ ಊಟ ಮಾಡಿದಳು. ಮೇಲೆ ಬಿಸಿಲು, ಮುಂದೆ ನೇರವಾದ ರಸ್ತೆ. ಆಕಳಿಕೆಯ ಹಿಂದೆ ಆಕಳಿಕೆ ಬಂತು. ಕಿಟಕಿ ಇಳಿಸಿದಳು, ಹಾಡು ಜೋರು ಮಾಡಿದಳು, ತೊಡೆ ಚಿವುಟಿಕೊಂಡಳು. ಕೂತಲ್ಲಿ ಬೆನ್ನು ನೋಯುತ್ತಿತ್ತು, ನೋಯಲಿ, ಒಳ್ಳೆಯದೇ ಅಂದುಕೊಂಡಳು. ದೂರದಲ್ಲಿ ಉದ್ದನೆಯ ಸೇತುವೆ ಕಂಡಿತು.

ಆಮೇಲೆ ಕೇಳಿಸಿದ್ದು ಚಕ್ರದ ಕೆಳಗೆ ಜಲ್ಲಿಕಲ್ಲು ಕರಕರ ಅನ್ನುವ ಸದ್ದು. ಜೊತೆಗೆ ಏನೋ ಢಣ್ ಅಂತ ಹಾರಿತು. ಸೂಜಿ ಬ್ರೇಕಿನ ಮೇಲೆ ನಿಂತೇಬಿಟ್ಟಳು. ಕಾರು ಅರ್ಧ ರಸ್ತೆಯಲ್ಲಿ, ಅರ್ಧ ಮಣ್ಣಿನಲ್ಲಿ ನಿಂತಿತು. ಗಾಜಿನ ಮೇಲೆಲ್ಲ ಬಿಳಿ ಬಣ್ಣ.

ರಸ್ತೆಯಂಚಿನ ಕಲ್ಲುಗಳಿಗೆ ಸುಣ್ಣದಂಥ ಬಣ್ಣ ಬಳಿಯುತ್ತಿದ್ದ ಕೂಲಿಯಾಳು ಚರಂಡಿಯಿಂದ ಮೇಲೆದ್ದು ಬಂದ. ಅವನ ಡಬ್ಬಿ ನಜ್ಜುಗುಜ್ಜಾಗಿ ದೂರ ಬಿದ್ದಿತ್ತು. ಮೈಗೆ ಏನೂ ಆಗಿರಲಿಲ್ಲ. ಅವನು ಬೈಯುತ್ತಾನೆ ಅಂತ ಸೂಜಿ ಕಾದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನು ಕಿಟಕಿಯ ಹತ್ತಿರ ಬಂದು ಅವಳ ಮುಖವನ್ನೇ ನೋಡಿದ.

"ಕೈ ಆಡಿಸಿದೆ, ಕೂಗಿದೆ. ಯಾಕಮ್ಮಾ ನಿಲ್ಲಿಸಲಿಲ್ಲ? ನನ್ನನ್ನೇ ನೋಡ್ತಾ ಇದ್ರಲ್ಲ. ಕಣ್ಣು ತೆರೆದೇ ಇತ್ತಲ್ಲ."

ಸೂಜಿ ಅವನನ್ನು ನೋಡಿರಲೇ ಇಲ್ಲ. ತಿರುಗಿ ನೋಡಿದಳು. ಸೇತುವೆ ಬಹಳ ಹಿಂದೆ ಉಳಿದಿತ್ತು. ಅದನ್ನು ದಾಟಿದ್ದು ಅವಳಿಗೆ ನೆನಪೇ ಇಲ್ಲ. ನದಿಯಲ್ಲಿ ನೀರಿತ್ತೋ, ಎದುರಿಗೆ ಲಾರಿ ಬಂತೋ, ಒಂದೂ ಇಲ್ಲ. ಅವನ ಎರಡೂ ಕೈ ಹಿಡಿದುಕೊಂಡು ತಪ್ಪಾಯಿತು ತಪ್ಪಾಯಿತು ಎಂದಳು. ಅವನಿಗೂ ಮನೆಯಲ್ಲಿ ಕಾಯುವವರಿದ್ದಾರು ಅನ್ನುವುದು ಆಗ ಹೊಳೆದು ಜೋರಾಗಿ ಅತ್ತುಬಿಟ್ಟಳು.

ಕಣ್ಣಳತೆಯಲ್ಲೇ ಒಂದು ಪೆಟ್ರೋಲ್ ಬಂಕಿತ್ತು. ಅವನು ಪಕ್ಕದಲ್ಲಿ ನಡೆಯುತ್ತಾ ಬಂದ, ಅವಳು ಆಮೆಯ ಹಾಗೆ ಕಾರನ್ನು ಅಲ್ಲಿಗೆ ತಂದು ನಿಲ್ಲಿಸಿದಳು. ಅಲ್ಲಿಂದ ಅತ್ತಿಗೆಗೆ ಫೋನು ಮಾಡಿ ಎಲ್ಲ ಹೇಳಿದಳು. ನಾನು ಅವತ್ತೇ ಹೇಳಿರಲಿಲ್ಲವೇ ಅಂತ ಅತ್ತಿಗೆ ಅನ್ನಲಿಲ್ಲ. ಅದು ಅವಳ ದೊಡ್ಡತನ. ನಾನಾಗಿದ್ದರೆ ಅಂದೇ ಅಂದಿರುತ್ತಿದ್ದೆ.

ಜನ ಓಡಾಡುವ ಜಾಗದಲ್ಲೇ ನಿಲ್ಲಿಸಿದ್ದೀಯಾ ಅಂತ ಮೊದಲು ಕೇಳಿದಳು. ಒಂದು ಕಾಫಿ ಕುಡಿ, ಕುಡಿದ ಕೂಡಲೇ ಬಾಗಿಲು ಲಾಕ್ ಮಾಡಿ, ಕಿಟಕಿ ಸ್ವಲ್ಪ ಇಳಿಸಿ, ಕಾಫಿ ತನ್ನ ಕೆಲಸ ಶುರು ಮಾಡುವುದರೊಳಗೆ ಇಪ್ಪತ್ತು ನಿಮಿಷ ಮಲಗು, ಎದ್ದ ಮೇಲೂ ಕಣ್ಣು ಎಳೆದರೆ ಇವತ್ತಿಗೆ ಪ್ರಯಾಣ ಸಾಕು, ಅಲ್ಲೇ ಎಲ್ಲಾದರೂ ತಂಗು ಎಂದಳು. ಅತ್ತಿಗೆಯ ಪಕ್ಕದಲ್ಲಿದ್ದ ಅಪ್ಪ, ಹಾಗಾದರೆ ಸೋಮವಾರ ತಲುಪುವುದು ಹೇಗೆ ಎಂದು ಬಾಯಿ ಹಾಕಿದರು.

"ಮಾವ, ಎಲ್ಲಿಗೆ ಬಂದೆ ಅಂತ ನೀವು ಕೇಳಿದಾಗೆಲ್ಲ ಅವಳು ಗಾಡಿ ಜೋರು ಮಾಡಿದಾಳೆ. ಇನ್ನು ಮೇಲೆ ನಿದ್ದೆ ಆಯ್ತಾ ಅಂತ ಕೇಳಿ. ಇಲ್ಲಾಂದ್ರೆ ಫೋನೇ ಮಾಡಬೇಡಿ."

ಸೊಸೆ ಮಾವನಿಗೆ ಹಾಗೆ ಮಾತಾಡಿದ್ದು ಅದೇ ಮೊದಲು. ಅಪ್ಪ ಫೋನು ಇಸಿದುಕೊಂಡು, ಮಲಗು ಮಗಳೇ, ಆ ಸೀಟು ಹೊಲಿದ ನನ್ನ ಕೈಗೆ ಬೆಂಕಿ ಹಾಕ ಎಂದರು.

ಮಲಗುವುದಾದರೂ ಹೇಗೆ? ಸೀಟಿನ ಹಿಂದೆ ಯಂತ್ರ, ಒರಗುವಂತಿಲ್ಲ. ಬಂಕಿನವರೂ ಬಣ್ಣದವನೂ ಕೈ ಹಾಕಿ ಯಂತ್ರವನ್ನು ಪಕ್ಕಕ್ಕೆ ಸರಿಸಿದರು. ಸೂಜಿ ಫೋಮಿನ ಮೂಟೆ ಬಿಚ್ಚಿ, ಅದೇ ಹಲಗೆ ಸೀಟಿನ ಮೇಲೆ ಹಾಸಿಕೊಂಡಳು. ಆದರೆ ಕಣ್ಣು ಮುಚ್ಚುವ ಮೊದಲು ಇನ್ನೊಂದು ಫೋನು ಮಾಡಬೇಕಿತ್ತು. ಚರಂಡಿಗೆ ಹಾರಿದವನನ್ನು ಎದುರಿಸಿದ್ದಕ್ಕಿಂತ ಈ ಮಾತು ಅವಳಿಗೆ ಕಷ್ಟವಾಯಿತು ಅಂದರೆ ನಾಚಿಕೆಗೇಡು, ಆದರೂ ನಿಜ.

"ಮೇಸ್ತ್ರಿ, ಸೋಮವಾರ ಆಗಲ್ಲ. ಮಂಗಳವಾರ ಬರ್ತೀನಿ. ನಿದ್ದೆ ಬರ್ತಿದೆ, ಓಡಿಸೋಕಾಗಲ್ಲ."

ಆ ಕಡೆ ಮೇಸ್ತ್ರಿ ಉಸಿರುಬಿಟ್ಟಿದ್ದು ಕೇಳಿಸಿತು. ಸೋಮವಾರ ಬಟ್ಟೆ ಕತ್ತರಿಸದಿದ್ದರೆ ಎಲ್ಲರ ಕೈ ಕಟ್ಟಿಹಾಕಿದಂತೆ, ಬೇರೆಯವರನ್ನು ನಿಲ್ಲಿಸಬೇಕಾಗುತ್ತದೆ, ನಿಲ್ಲಿಸಿದವರನ್ನು ಮಾರನೇ ದಿನ ಸರಿಸುವುದಕ್ಕಾಗುವುದಿಲ್ಲ ಎಂದ. ಸೂಜಿ ಆಗಲಿ ಎಂದಳು. ಕಾಫಿ ಕುಡಿದು ಮಲಗಿದಳು. ಎದ್ದ ಮೇಲೂ ರೆಪ್ಪೆ ಭಾರವಾಗಿಯೇ ಇತ್ತು. ಬಂಕಿನ ಹಿಂದೆಯೇ ಇದ್ದ ವಸತಿಗೃಹದಲ್ಲಿ ಕೋಣೆ ಹಿಡಿದು ಬೆಳಗಿನವರೆಗೂ ಮಲಗಿದಳು.

ಮುಂದಿನ ದಾರಿಯಲ್ಲಿ ನಿಂತು ನಿಂತು ಹೋದಳು. ಮಂಗಳವಾರ ಶೆಡ್ಡಿಗೆ ಕಾಲಿಟ್ಟಾಗ ಮೊದಲನೇ ಮೇಜಿನಲ್ಲಿ ಬೇರೊಬ್ಬ ಕತ್ತರಿ ಹಿಡಿದು ನಿಂತಿದ್ದ. ಮೇಸ್ತ್ರಿ ಕೆಟ್ಟವನಲ್ಲ, ಅವಳಿಗೆ ಹೊಲಿಯುವ ಸಾಲಿನಲ್ಲಿ ಜಾಗ ಕೊಟ್ಟ, ಮುಂದೆ ನೋಡೋಣ ಎಂದ. ಸೂಜಿ ಸರಿ ಎಂದು ತಲೆಯಾಡಿಸಿ, ಶೆಡ್ಡಿನ ಹಿಂದಿನ ನಲ್ಲಿಯ ಹತ್ತಿರ ಹೋಗಿ ಅತ್ತಿಗೆಗೆ ಫೋನು ಮಾಡಿದಳು. ಮೇಜು ಹೋಯ್ತು ಅತ್ತಿಗೆ ಅಂದದ್ದೇ ತಡ, ಬಿಕ್ಕಿ ಬಿಕ್ಕಿ ಅಳು ಬಂತು. ಅತ್ತಿಗೆ ಸಮಾಧಾನ ಹೇಳಲಿಲ್ಲ.

"ಅಳು, ಇನ್ನೂ ಅಳು. ಎಷ್ಟೋ ಮನೆಗಳಿಗೆ ವಾರ್ಡಿಂದ ನಾನೇ ಫೋನ್ ಮಾಡಿದೀನಿ ಸೂಜಿ. ಆ ಕಡೆ ಮನೆಯವರು ಅಳೋದು ಕೇಳಿದೀನಿ. ಗಾಡಿ ಓಡಿಸಿದವರೇ ಫೋನಲ್ಲಿ ಅಳೋದು ಕೇಳ್ತಿರೋದು ಇದೇ ಮೊದಲು. ನಂಗೆಷ್ಟು ಖುಷಿಯಾಗ್ತಿದೆ ಗೊತ್ತಾ?"

ಸೂಜಿ ಮುಖ ತೊಳೆದುಕೊಂಡು ಒಳಗೆ ಹೋಗಿ ತನ್ನ ಯಂತ್ರಕ್ಕೆ ದಾರ ಪೋಣಿಸಿದಳು.

ಇದನ್ನು ಓದಿದವರೇ, ಕೇಳಿದವರೇ, ನಾಳೆ ನಿಮ್ಮ ಮನೆಯಿಂದಲೂ ಯಾರೋ ಹೊಸ ಊರಿಗೆ, ಹೊಸ ಬದುಕಿಗೆ ಗಾಡಿ ಹತ್ತುತ್ತಾರೆ. ಹಿಂದಿನ ರಾತ್ರಿ ಅವರನ್ನು ಮಲಗಲು ಬಿಡಿ, ಕೆಲಸ ಹಚ್ಚಬೇಡಿ. ಒಂದು ದಿನ ತಡವಾದರೂ ಬೇಸರವಿಲ್ಲ ಎಂದು ನೀವಾಗಿಯೇ ಹೇಳಿ. ಅವರ ಬಾಯಿಂದ ಆ ಮಾತು ಹೊರಡುವುದಿಲ್ಲ. ಓಡಿಸುವವರು ನೀವೇ ಆಗಿದ್ದರೆ, ಆಕಳಿಕೆ ಮೇಲೆ ಆಕಳಿಕೆ ಬಂದರೆ, ಈಗ ತಾನೇ ದಾಟಿದ ರಸ್ತೆ ನೆನಪಿಗೆ ಬಾರದಿದ್ದರೆ, ಗಟ್ಟಿಯಾಗಿ ಹಾಡಬೇಡಿ, ಮೈ ಚಿವುಟಿಕೊಳ್ಳಬೇಡಿ. ಜನವಿರುವ ಜಾಗ ನೋಡಿ ಗಾಡಿ ನಿಲ್ಲಿಸಿ, ಮಲಗಿ. ಮೇಜು ಹೋಗಬಹುದು, ಮಾತು ಕೇಳಬೇಕಾಗಬಹುದು, ಅಳುವೂ ಬರಬಹುದು. ಅಳುವುದಕ್ಕೆ ನೀವಿರಬೇಕು.