ನಮ್ಮ ಬಾವಿಯ ನಂಬರು

ನಮ್ಮ ಬಾವಿಗೆ ಕೆಟ್ಟ ಹೆಸರು ತಂದವನು ನನ್ನ ಸ್ವಂತ ತಮ್ಮ ದುರ್ಗೇಶ. ಅದೂ ನೀರು ಪರೀಕ್ಷಿಸುವ ಬೆರಳುದ್ದದ ಒಂದು ಮೀಟರ್ ಹಿಡಿದುಕೊಂಡು. ಬೈಯಲು ನಾಲಿಗೆ ಏಳುವುದಿಲ್ಲ, ಬೈಯದಿದ್ದರೆ ಹೊಟ್ಟೆಯುರಿ ಆರುವುದಿಲ್ಲ.

ಹೊಳಲ್ಕೆರೆಯ ನಮ್ಮ ಬೀದಿಯವರೆಲ್ಲ ಕುಡಿಯಲು ಒಯ್ಯುತ್ತಿದ್ದುದು ನಮ್ಮ ಹಿತ್ತಿಲ ಬಾವಿಯ ನೀರನ್ನೇ. ನಮ್ಮ ಯಜಮಾನರು ತಿಮ್ಮರಾಯಪ್ಪ ತೆಗೆಸಿದ್ದು. ಅವರು ಹೋದ ಮೇಲೂ ಬೆಳಗಾದರೆ ಹೆಂಗಸರು ಕೊಡ ಹಿಡಿದು ಬರುತ್ತಿದ್ದರು, ಜಗಳವಾಡುತ್ತಿದ್ದರು, ನಗುತ್ತಿದ್ದರು. ಒಂಟಿಯಾಗಿದ್ದೇನೆ ಎನ್ನುವುದೇ ನನಗೆ ಮರೆತುಹೋಗುತ್ತಿತ್ತು.

"ನಿನ್ ಬಾವಿ ನೀರು ಕುಡುದ್ರೆ ಊಟನೇ ಬ್ಯಾಡ ಕಣೇ ಅನುಸೂಯ" ಎನ್ನುತ್ತಿದ್ದರು ಎದುರುಮನೆಯ ಹಿರಿಯಕ್ಕ ಬರಗೇರಮ್ಮ.

ಎರಡು ಸಾವಿರದ ನಾಲ್ಕರಲ್ಲಿ ದುರ್ಗೇಶ ಕ್ಯಾನ್ ನೀರಿನ ವ್ಯಾಪಾರ ಶುರುಮಾಡಿದ. ಒಂದು ದಿನ ಬಂದವನೇ ಹೆಂಗಸರೆಲ್ಲರ ಎದುರು ಮೀಟರನ್ನು ನನ್ನ ಕೊಡಕ್ಕೆ ಅದ್ದಿದ. ಒಂಬೈನೂರು. ಅದನ್ನು ಒರೆಸಿ, ಬೆರಳಿನಿಂದ ಏನೋ ಅದುಮಿ, ತನ್ನ ಕ್ಯಾನಿನ ನೀರಿಗೆ ಅದ್ದಿದ. ನಾನೂರೈವತ್ತು.

"ನೋಡ್ರಿ, ಬಾವಿ ನೀರಲ್ಲಿ ಡಬಲ್ ಉಪ್ಪೈತೆ. ಕಿಡ್ನೀಲಿ ಕಲ್ಲು ಕಟ್ಟದೆ ಇರ್ತೈತಾ?" ಎಂದ.

ಬರಗೇರಮ್ಮನ ಮಗನಿಗೆ ಆಗಷ್ಟೇ ಕಲ್ಲಿನ ಆಪರೇಷನ್ ಆಗಿತ್ತು. ಅಯ್ಯೋ, ನನ್ನ ನೀರೇ ಹೀಗೆ ಮಾಡಿತಾ ಎಂದು ನನಗೆ ಜೀವವೇ ಹಾರಿಹೋಯಿತು. ಎಲ್ಲರೆದುರೇ ಅವರ ಎರಡೂ ಕಾಲು ಹಿಡಿದೆ. ಅವರು ಕಾಲು ಹಿಂದಕ್ಕೆಳೆದುಕೊಂಡರು. ಮರುದಿನದಿಂದ ಬಾವಿಯ ಹತ್ತಿರ ಯಾರೂ ಸುಳಿಯಲಿಲ್ಲ. ಬೀದಿಗೆಲ್ಲ ಅವನ ಕ್ಯಾನ್ ಬಂತು, ನನ್ನ ಮನೆಗೂ ಬಂತು.

"ಅಕ್ಕಾ, ನಿನ್ ಬಾವಿ ನೀರು ಹೊಸಮನೆ ಗೋಡೆ ನೆನ್ಸೋಕಾದ್ರೂ ಆಗ್ತೈತೆ. ಟ್ಯಾಂಕರಿಗೆ ತುಂಬ್ಕಂತೀನಿ" ಎಂದ. ತಾಯಿ ಇಲ್ಲದವನೆಂದು ನಾನೇ ತುತ್ತಿಟ್ಟು ಬೆಳೆಸಿದವನು. ತುಂಬಿಕೋ ಎಂದೆ.

ಆದರೆ ಅವನ ಕ್ಯಾನಿನ ನೀರು ಕುಡಿದಾಗಲೆಲ್ಲ ನಾಲಿಗೆಗೆ ಅದೇ ಹಳೆಯ ರುಚಿ. ಒಂದು ಸಂಜೆ ಅವನು ಮೀಟರನ್ನು ನಮ್ಮ ಕಿಟಕಿಯಲ್ಲೇ ಮರೆತುಹೋದ. ನಮ್ಮಲ್ಲಿ ಬಾಡಿಗೆಗಿದ್ದ ಉಷಾರಾಣಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳುವವಳು. ಅವಳ ಕೈಗೆ ಕೊಟ್ಟೆ.

"ಇದ್ರಲ್ಲಿ ಎರಡು ಲೆಕ್ಕ ಅವೆ ಅಕ್ಕ," ಎಂದಳು. "ನೀರಲ್ಲಿ ಕರೆಂಟು ಎಷ್ಟು ಚೆನ್ನಾಗಿ ಹರೀತೈತೆ ಅನ್ನೋದು ಒಂದು. ಗುಂಡಿ ಒತ್ತಿದ್ರೆ, ಕರಗಿರೋ ಉಪ್ಪು ಎಷ್ಟು ಅನ್ನೋದು ಇನ್ನೊಂದು. ಒಂದೇ ನೀರಿಗೂ ಮೊದಲ್ನೇದು ಹೆಚ್ಚುಕಮ್ಮಿ ಡಬಲ್ ಬರ್ತೈತೆ."

ಬಾವಿ ನೀರಿಗೂ ಕ್ಯಾನಿನ ನೀರಿಗೂ ಅದ್ದಿದಳು. ಎರಡಕ್ಕೂ ಒಂಬೈನೂರು. ಗುಂಡಿ ಒತ್ತಿ ಮತ್ತೆ ಅದ್ದಿದಳು. ಎರಡಕ್ಕೂ ನಾನೂರೈವತ್ತು.

"ಎರಡೂ ಒಂದೇ ನೀರಿದ್ದಂಗೈತಲ್ಲಕ್ಕ!" ಎಂದಳು. ಅವತ್ತು ನನ್ನ ಕೊಡಕ್ಕೆ ಅದ್ದಿದ ಮೇಲೆ ದುರ್ಗೇಶ ಅದುಮಿದ್ದು ಈ ಗುಂಡಿಯನ್ನೇ.

ಮರುದಿನ ಟ್ಯಾಂಕರಿನ ಜೊತೆ ದುರ್ಗೇಶ ಬಂದಾಗ ನಾನು ಬಾವಿಯ ಮೋಟರಿನ ಫ್ಯೂಸ್ ಕಿತ್ತಿಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದೆ.

"ಲೇ, ನನ್ ಬಾವಿ ನೀರನ್ನ ಕ್ಯಾನಿಗೆ ತುಂಬಿ ನನಗೇ ಕುಡಿಸ್ತೀಯೇನೋ!"

"ಕಿರುಚ್ಬ್ಯಾಡ ಕಣಕ್ಕ. ಮೀಟ್ರು ತೋರ್ಸಿದ್ದನ್ನೇ ನಾನು ತೋರ್ಸಿದ್ದು. ನೀರು ಚೆನ್ನಾಗೈತೆ ಅಂತಾನೇ ತಾನೆ ನಾನು ತುಂಬ್ಕಂಡಿದ್ದು?"

ನನಗೆ ಮೈಯೆಲ್ಲ ಉರಿದುಹೋಯಿತು. ನೀರು ಚೆನ್ನಾಗಿದೆಯೆಂದು ಇವನಿಗೆ ಗೊತ್ತಿತ್ತು. ನಾನು ಬರಗೇರಮ್ಮನ ಕಾಲು ಹಿಡಿದು ಅಳುವಾಗ ಪಕ್ಕದಲ್ಲೇ ನಿಂತು ನೋಡುತ್ತಿದ್ದ, ಪಾಪಿ.

ಗಲಾಟೆ ಕೇಳಿ ಬೀದಿಯವರು ಬಂದರು. ಬರಗೇರಮ್ಮನ ಎದುರು ಎರಡೂ ನೀರಿಗೆ ಮೀಟರ್ ಅದ್ದಿ, ಗುಂಡಿ ಒತ್ತಿ ಮತ್ತೆ ಅದ್ದಿ ತೋರಿಸಿದೆ. ಅವರು ಮೀಟರನ್ನು ನೋಡಿದರು, ದುರ್ಗೇಶನನ್ನು ನೋಡಿದರು.

"ಬ್ಯಾರೆ ಯಾರಾದ್ರೂ ಬಂದು ಹೇಳಿದ್ರೆ ಉಗ್ದು ಕಳಿಸ್ತಿದ್ದೆ ಕಣೇ ಅನುಸೂಯ. ನಿನ್ ಒಡಹುಟ್ಟಿದೋನೇ ಹೇಳಿದ್ನಲ್ಲ, ಅದಕ್ಕೇ ನಂಬಿದ್ದು."

"ನಾನೂ ಅದಕ್ಕೇ ನಂಬಿದ್ದು ಕಣಕ್ಕ" ಎಂದೆ.