ಬೆಳ್ಳಗಾದ ಪುಟ

ಹನಕೆರೆ ಸ್ಟೇಷನ್ ಬಂತು ಅನ್ನುವುದು ರೈಲಿನ ಕಿಟಕಿಯಿಂದ ಬೋರ್ಡು ಓದುವ ಮೊದಲೇ ಮೂಗಿಗೆ ಗೊತ್ತಾಗುತ್ತದೆ, ಎಲ್ಲೋ ಆಲೆಮನೆಯಲ್ಲಿ ಪಾಕ ಬಂದಿದೆ, ಇನ್ನೆರಡು ನಿಮಿಷ ಬಿಟ್ಟರೆ ಸೀದು ಹೋಗುತ್ತದೆ, ಇಳಿಸ್ರಲಾ ಕೊಪ್ಪರಿಗೆಯ, ಅಂತ ಬಾಯಿಗೇ ಬಂದು ನಾಲಿಗೆ ಕಚ್ಚಿಕೊಂಡೆ, ಎದುರು ಸೀಟಿನ ಹೆಂಗಸು ನೋಡುತ್ತಾಳೆ, ನೋಡಲಿ, ತೊಡೆಯ ಮೇಲೆ ಟವೆಲ್ಲಿನಲ್ಲಿ ಸುತ್ತಿದ ಪುಸ್ತಕ, ಮಂಡ್ಯದ ತನಕ ಹೋಗಿ ಬೆಲೆ ಕೇಳಿಕೊಂಡು ಬಂದ ಮಕ್ಕಳ ಪುಸ್ತಕ, ಆನೆಮರಿ ಹೊಳೆ ದಾಟುವ ಕಥೆ, ಇನ್ನೂರು ರೂಪಾಯಿ ಕಣಪ್ಪ, ಕೊಡೋದಾದ್ರೆ ಕೊಡು, ಅಂದ ಅಂಗಡಿಯವನು — ಕೊಡಲಿಲ್ಲ, ಕಿತ್ತುಕೊಂಡು ಬಂದೆ, ಹಳೇ ಪುಸ್ತಕದಂಗಡಿಯ ಪ್ರಸನ್ನನ ಮೇಜಿಗೆ ಗುದ್ದಿದ ಗೆಣ್ಣು ಇನ್ನೂ ಉರಿಯುತ್ತಿದೆ, ಅವನದೇನು ತಪ್ಪು, ಹೋದ ವಾರ ಮೊಬೈಲಿಗೆ ರಟ್ಟಿನ ಫೋಟೋ ಕಳಿಸಿದಾಗ ಪಾಪ ಸರಿಯಾಗಿಯೇ ಹೇಳಿದ್ದ, ಇಂಥವು ಈಗ ಸಿಗಲ್ಲ, ನಾಕು ಸಾವಿರ ಬಂದ್ರೂ ಬರಬಹುದು, ಬೆಂಗಳೂರಲ್ಲಿ ಒಬ್ರು ಇಂಥದ್ದನ್ನೇ ಹುಡುಕ್ತಾರೆ, ಮೊದಲನೇ ಪುಟದಲ್ಲಿ ಯಾರಾದ್ರೂ ಏನಾದ್ರೂ ಬರೆದವ್ರಾ, ಅಂತ ಕೇಳಿದ, ನಾನು ಬಡ್ಡೀಮಗ, ಬರೆದಿದ್ದರೆ ರೇಟು ಬಿದ್ದುಹೋಗುತ್ತದೆ ಅಂತ, ಇಲ್ಲ ಸಾರ್, ಕ್ಲೀನಾಗದೆ, ಅಂದುಬಿಟ್ಟೆ.

ಕ್ಲೀನು — ಈ ಮಾತು ನನ್ನ ತಲೆಗೆ ತುಂಬಿದವನು ನಮ್ಮ ಕೊಪ್ಪದ ಆಲೆಮನೆ ಸಾಹುಕಾರ ಶಿವಣ್ಣ, ಬೆಳ್ಳಗಿದ್ರೆ ರೇಟು ಕಣ್ಲಾ, ಕರೀ ಬೆಲ್ಲ ಯಾವನ್ ಮೂಸ್ತಾನೆ, ಹಾಕ್ಲಾ ಇನ್ನೊಂದು ಹಿಡಿ ಹೈಡ್ರೋಸ್, ಆ ಪುಡಿ ಬಿದ್ದರೆ ಕಾಕಂಬಿಯಂಥ ಕರೀ ಪಾಕವೂ ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಬೆಲ್ಲಕ್ಕೆ ಆಗುವುದು ಪುಸ್ತಕಕ್ಕೆ ಯಾಕಾಗಬಾರದು, ಹಿಡಿ ಪುಡಿ ನೀರಿಗೆ ಕಲಸಿ, ಬಟ್ಟೆ ಅದ್ದಿ, ಮೊದಲನೇ ಪುಟದ ಮೇಲೆ ಒತ್ತಿದೆ, ನಿನ್ನೆ ಮಧ್ಯಾಹ್ನ, ನೋಡನೋಡುತ್ತ ಕಂದು ಬಣ್ಣ ಹೋಯಿತು, ಶಾಯಿ ಹೋಯಿತು, ಅಂಕಯ್ಯ, ಮೂರನೇ ತರಗತಿ, ಚೆನ್ನಾಗಿ ಓದಿದ್ದಕ್ಕೆ ಬಹುಮಾನ, ಕೆಳಗೆ ಇಸವಿ, ಮೇಷ್ಟರ ಸೈನು, ಎಲ್ಲ ಹೋಗಿ ಪುಟ ಬಿಳೀ ಬಿಳೀ, ನಾನು ಸಿಳ್ಳೆ ಹಾಕಿದೆ, ಥೂ, ಸಿಳ್ಳೆ ಹಾಕಿದೆ. ಇವತ್ತು ಪ್ರಸನ್ನ ಆ ಪುಟ ತಿರುವಿ, ಮೂಸಿ, ನನ್ನ ಮುಖ ನೋಡಿ, ಏನ್ ಕೆಲ್ಸ ಮಾಡ್ದೆ ತಮ್ಮಾ, ಇದೇನು ಬೆಲ್ಲನಾ, ಬೆಂಗಳೂರಿನವ್ರು ಕಾಸು ಕೊಡ್ತಿದ್ದದ್ದೇ ಆ ಬರಹಕ್ಕೆ, ಆ ಇಸವಿಗೆ, ಅಂದ.

ಆ ಬರಹದ ಅಂಕಯ್ಯ ನಮ್ಮ ಆಲೆಮನೆಯಲ್ಲಿ ಒಲೆ ಹಾಕುವ ಅಂಕಯ್ಯ, ನಲವತ್ತು ವರ್ಷ ಕಬ್ಬಿನ ಒಣಸಿಪ್ಪೆ ತುರುಕಿ ತುರುಕಿ, ಉರಿ ನೋಡಿ ನೋಡಿ ಕಣ್ಣು ಹೋಗಿದೆ, ಈಗ ಉರಿಯ ಸದ್ದು ಕೇಳಿಯೇ ಸಿಪ್ಪೆ ಹಾಕುತ್ತಾನೆ, ನಾನು ಏಳನೇ ಕ್ಲಾಸಿನಲ್ಲಿ ಬೆಂಚು ಮುರಿದು, ಇನ್ನು ಸ್ಕೂಲಿನ ಮೆಟ್ಟಿಲು ಹತ್ತಲ್ಲ ಅಂತ ಕಬ್ಬು ಹೊರಲು ಬಂದಾಗ ಎಲ್ಲರೂ ನಕ್ಕರು, ಅವನೊಬ್ಬ ನಗಲಿಲ್ಲ, ಲೇ ಕೆಂಪ, ಆ ಬೋರ್ಡು ಓದ್ಲಾ, ಅಂದ, ನನಗೆ ಬರಲಿಲ್ಲ, ಏಳು ವರ್ಷ ಸ್ಕೂಲಿಗೆ ಹೋಗಿಯೂ ಬರಲಿಲ್ಲ, ಮಾರನೇ ದಿನ ಈ ಪುಸ್ತಕ ತಂದ, ಆಗಿನ್ನೂ ಅವನಿಗೆ ಕಣ್ಣು ಕಾಣುತ್ತಿತ್ತು, ಒಂದು ಅಡಿಗೆಯ ಪಾಕ ಅಚ್ಚಿಗೆ ಹೊಯ್ದು ಇನ್ನೊಂದು ಅಡಿಗೆಗೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ತುಂಬುವ ತನಕ ಸಿಗುವ ಬಿಡುವಿನಲ್ಲಿ ದಿನಕ್ಕೊಂದು ಪುಟ, ಸಾಲಿನ ಕೆಳಗೆ ಅವನ ಹೆಬ್ಬೆರಳು, ಪಾಕ ಸಿಡಿದು ಸುಟ್ಟು ಉಗುರೇ ಇಲ್ಲದ ಹೆಬ್ಬೆರಳು, ಅದು ಸರಿದ ಹೊರತು ಮುಂದಿನ ಅಕ್ಷರ ಇಲ್ಲ, ನಾನು ರೇಗಿ ಪುಸ್ತಕ ಎಸೆದರೆ ಎತ್ತಿ, ಬೂದಿ ಕೊಡವಿ, ರೇಗು, ಚೆನ್ನಾಗ್ ರೇಗು, ಆಮೇಲೆ ಓದು, ಆನೆಮರಿ ಇನ್ನೂ ನೀರಲ್ಲೇ ನಿಂತದೆ — ಯಾರು ನನಗೆ ಹಾಗೆ ಹೇಳಿದ್ದರು, ಬಸ್ಸಿನ ಬೋರ್ಡು ಓದುತ್ತೇನೆ, ತೂಕದ ಚೀಟಿ ಓದುತ್ತೇನೆ, ಯಾವನೂ ನನಗೆ ಮೋಸ ಮಾಡಲಾರ, ಎಲ್ಲ ಆ ಬೆರಳು ಕೊಟ್ಟದ್ದು, ನಾನು ಅಳಿಸಿದ್ದು ಅವನನ್ನೇ. ಮಾರು ಅಂದವನೂ ಅವನೇ, ನಂಗಂತೂ ಕಾಣಂಗಿಲ್ಲ, ಮಾರಿ ಡ್ರೈವಿಂಗ್ ಲೈಸೆನ್ಸ್ ಮಾಡಿಸ್ಕೊ, ಜೀವಮಾನವೆಲ್ಲ ಕಬ್ಬು ಹೊತ್ತೀಯಾ, ಟ್ರ್ಯಾಕ್ಟ್ರು ಓಡ್ಸು, ಇವತ್ತು ಬೆಳಿಗ್ಗೆ ಬಸ್ಸಿನ ತನಕ ಕೋಲೂರಿಕೊಂಡು ಬಂದು, ಬೆಂಗಳೂರು ನನ್ನೆಸ್ರ ನೋಡ್ತದೆ ಬುಡು, ಮೇಷ್ಟ್ರು ಬರೆದ ಎಸ್ರು, ಇನ್ನೆಲ್ಲೂ ಹಂಗೆ ಬರ್ದಿಲ್ಲ, ಅಂತ ನಗುತ್ತಾನೆ, ನಿನ್ನೆಯೇ ಅಳಿಸಿದ್ದವನು ನಾನು ಹೂಂ ಅಂತ ಬಸ್ಸು ಹತ್ತಿದೆ.

ರೈಲು ಬಿಟ್ಟಿತು, ಇನ್ನು ಮದ್ದೂರು, ಅಲ್ಲಿಂದ ಬಸ್ಸು, ಆಮೇಲೆ ಅವನು ಕೇಳುತ್ತಾನೆ, ಏಸಕ್ಕೋಯ್ತಲಾ, ಸುಳ್ಳು ಹೇಳಬಹುದು, ಅವನಿಗೆ ಕಾಣುವುದಿಲ್ಲ, ಛೀ, ಸುಳ್ಳು ಹೇಳಿದರೆ ಈ ನಾಲಿಗೆ ಸೀದು ಹೋಗಲಿ, ಟವೆಲ್ಲು ಬಿಚ್ಚುತ್ತೇನೆ, ಸಂಜೆ ಬಿಸಿಲು ಕಿಟಕಿಯಿಂದ ಓರೆಯಾಗಿ ಪುಟದ ಮೇಲೆ ಬೀಳುತ್ತದೆ, ಬಿಳೀ ಪುಟದಲ್ಲಿ ಏನೋ ನೆರಳು, ಉತ್ತ ಹೊಲದ ಸಾಲಿನಂಥ ಸಣ್ಣ ಸಣ್ಣ ನೆರಳು, ಮೇಷ್ಟರು ನಿಬ್ಬು ಒತ್ತಿ ಬರೆಯುತ್ತಿದ್ದರು ಅಂತ ಅವನು ಎಷ್ಟು ಸಲ ಹೇಳಿದ್ದ, ಒತ್ತಿದ್ದು ಹೋಗಿಲ್ಲ, ಶಾಯಿ ಮಾತ್ರ ಹೋಗಿದೆ, ಬೆರಳಾಡಿಸಿದರೆ ತಗ್ಗು ಸಿಗುತ್ತದೆ, ಇಲ್ಲಿ ಅ, ಇಲ್ಲಿ ಸೊನ್ನೆ, ಕ, ಅದರ ಪಕ್ಕ ಯ, ಕೆಳಗೊಂದು ಯ, ಇದಕ್ಕೆ ಬೆಂಗಳೂರಿನಲ್ಲಿ ರೇಟಿಲ್ಲ, ಬೇಡ, ಲೈಸೆನ್ಸಿಗೆ ಇನ್ನೊಂದು ಸೀಸನ್ ಕಬ್ಬು ಹೊರುತ್ತೇನೆ, ಮೊದಲು ಹೋಗಿ ಅವನ ಮುಂದೆ ಕೂತು, ಅಣ್ಣಾ, ನಾನೇ ಅಳಿಸ್ದೆ, ಅನ್ನುತ್ತೇನೆ, ಬಯ್ಯಲಿ, ಆಮೇಲೆ ಅವನ ಕೈ ಹಿಡಿದು ಈ ಪುಟದ ಮೇಲಿಟ್ಟು — ಈ ಸಲ ನಾನು ಕಾಯುತ್ತೇನೆ, ಹಾಲು ತುಂಬುವ ತನಕ, ಬಿಳೀ ಪುಟದ ಮೇಲೆ ಉಗುರಿಲ್ಲದ ಆ ಹೆಬ್ಬೆರಳು, ತಡವುತ್ತ, ಸರಿಯುತ್ತ, ಅವನ ಹೆಸರಿನ ಅ ಹತ್ತಿರ ಬಂದು, ನಿಂತು, ಆ ಹೆಬ್ಬೆರಳು…